ಚಿಪ್ಪು ಗಟ್ಟಿಯಾಗುವವರೆಗೆ

ಮೊನ್ನೆ ತೀರ್ಥಹಳ್ಳಿಯಲ್ಲಿ ಗೆಳತಿಯೊಬ್ಬಳ ಮನೆಗೆ ಹೋದಾಗ ಹಿತ್ತಲಲ್ಲಿ ಯಾರೋ ಸಾರಿಗೆಂದು ಒರಳಿನಲ್ಲಿ ಏಡಿಯ ಕಾಲು ಜಜ್ಜುತ್ತಿದ್ದರು. ಗದ್ದೆಯ ಕೆಸರೂ ಹೊಸ ನೀರೂ ಬೆರೆತ ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಕೂತಲ್ಲಿ ಕೂರಲಾಗಲಿಲ್ಲ. ಕೊಟ್ಟ ಕಾಫಿ ಅರ್ಧಕ್ಕೇ ಬಿಟ್ಟು ಅಂಗಳದಲ್ಲಿ ಸುಮ್ಮನೆ ಆಚೀಚೆ ಓಡಾಡಿದೆ. ನಿಟ್ಟೂರಿನ ನಮ್ಮ ಮನೆ ಈಗಿಲ್ಲ. ಪಾಲಾಗಿ, ಹೆಂಚು ಇಳಿದು, ಗೋಡೆ ಮಣ್ಣಾಗಿ ಹೋಯಿತು. ನಿಮಗೂ ಅಂಥದೊಂದು ಮನೆ ಇದ್ದಿದ್ದರೆ ಗೊತ್ತಿರುತ್ತದೆ, ಮನೆ ಹೋದರೂ ಅದರ ವಾಸನೆ ನಮ್ಮನ್ನು ಬಿಡುವುದಿಲ್ಲ.

ನಮ್ಮಜ್ಜನಿಗೆ ಏಡಿ ಅಂದರೆ ನೆಂಟರಷ್ಟು ಸಲುಗೆ. ಗದ್ದೆಯ ಅಂಚಿನ ಬಿಲದ ಮುಂದೆ ಕುಕ್ಕರಗಾಲಲ್ಲಿ ಕೂತು ನನಗೆ ಒಂದೊಂದನ್ನೇ ತೋರಿಸುತ್ತಿದ್ದ. ಅದರ ಕಣ್ಣು ಕಡ್ಡಿಯ ತುದಿಯಲ್ಲಿರುವುದು ಮೈಯೆಲ್ಲ ಕೆಸರಲ್ಲಿ ಹುದುಗಿಸಿ ಕಣ್ಣಷ್ಟನ್ನೇ ಮೇಲೆತ್ತಿ ನೋಡಲಿಕ್ಕಂತೆ; ಕೊಕ್ಕರೆ ಹತ್ತಿರ ಬಂದರೆ ಅದನ್ನೂ ಮಡಚಿ ಒಳಗಿಟ್ಟುಕೊಳ್ಳುತ್ತದೆ. ಇಕ್ಕಳದಂಥ ಮುಂಗಾಲು ಮುರಿದರೂ ಮತ್ತೆ ಚಿಗುರುತ್ತದೆ. ಆದರೆ ಚಿಪ್ಪು ಮಾತ್ರ ಮೈಯ ಜೊತೆ ಬೆಳೆಯುವುದಿಲ್ಲ. ಬಿಗಿಯಾಯಿತೆಂದರೆ ಹಿಂಬದಿಯಲ್ಲಿ ಸೀಳುತ್ತದೆ, ಏಡಿ ಒಂದೊಂದೇ ಕಾಲು ಎಳೆದುಕೊಂಡು ಈಚೆ ಬರುತ್ತದೆ. ಆಗ ಅದರ ಮೈ ಬಾಳೆಹಣ್ಣಿನಷ್ಟು ಮೆತ್ತಗೆ. ಓಡಲೂ ಆಗದು, ಕಚ್ಚಲೂ ಆಗದು. ಬಿಲದ ಬಾಯಿಗೆ ಕೆಸರು ಮೆತ್ತಿಕೊಂಡು ಒಳಗೇ ಅಡಗಿರುತ್ತದೆ. ಅಂಥದ್ದು ಕೈಗೆ ಸಿಕ್ಕರೂ ಅಜ್ಜ ಹಿಡಿಯಗೊಡುತ್ತಿರಲಿಲ್ಲ. "ಬಿಡೇ ಅದನ್ನ, ಚಿಪ್ಪು ಗಟ್ಟಿಯಾಗ್ಲಿ" ಎಂದು ನನ್ನ ಕೈ ತಟ್ಟುತ್ತಿದ್ದ.

ಆ ವರ್ಷ ಮಳೆ ಹಿಡಿಯುವ ಹೊತ್ತಿಗೆ ಅಜ್ಜನ ಕಿರಿಮಗಳು, ನಮ್ಮ ಗಿರಿಜತ್ತೆ, ಗಂಡನ ಮನೆ ಬಿಟ್ಟು ಬಂದಳು. ತೋಳಿನ ಮೇಲೆ ಕಪ್ಪಗಟ್ಟಿದ ಪೆಟ್ಟಿತ್ತು. ಅಜ್ಜ ಹಿಂದಿನ ಕೋಣೆ ಬಿಡಿಸಿಕೊಟ್ಟ, ವಿಚಾರಿಸಲು ಬಂದವರನ್ನು "ಅವಳಿಗೆ ಹುಷಾರಿಲ್ಲ" ಎಂದು ಜಗಲಿಯಿಂದಲೇ ಸಾಗಹಾಕಿದ. ನಾಟಿಗೂ ಅವಳನ್ನು ಕರೆಯಲಿಲ್ಲ. ಅತ್ತೆಯೋ ಆ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ತಿರುಗುತ್ತಲೇ ಇದ್ದಳು. ಆ ಹೆಜ್ಜೆ ಕೇಳಿ ಕೇಳಿ ನನಗೂ ಪಾಠ ಓದಲಾಗುತ್ತಿರಲಿಲ್ಲ, ಅಮ್ಮನ ಕೈಯಿಂದ ಪಾತ್ರೆ ಜಾರುತ್ತಿತ್ತು. ಸಾಗರದ ಹೊಲಿಗೆ ಅಂಗಡಿಯೊಂದರಲ್ಲಿ ಕೆಲಸವಿದೆ ಎಂದು ಅತ್ತೆಯ ಗೆಳತಿ ಹೇಳಿಕಳಿಸಿದ್ದಳು. ಅಜ್ಜ ಕಳಿಸುತ್ತಾನೋ ಇಲ್ಲವೋ ಎಂಬುದೇ ಮನೆಯವರೆಲ್ಲರ ಚಿಂತೆಯಾಗಿತ್ತು.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅಜ್ಜನೇ ಬಾಯಿಬಿಟ್ಟ. "ಈಗ್ಲೇ ಎಂತ ಅವಸರ? ನೀ ಇನ್ನೂ ಮೆತ್ತಗಿದೀಯ. ಊರವರ ಬಾಯಿ ಮುಚ್ಲಿ, ಆಮೇಲೆ ನೋಡಣ."

ಅತ್ತೆ ತಟ್ಟೆ ಸರಿಸಿದಳು. "ನಾನೆಂತ ಏಡಿಯಾ ಅಪ್ಪಯ್ಯ? ಅದಕ್ಕಾದ್ರೆ ಒಳಗೆ ಕೂತ್ರೆ ಚಿಪ್ಪು ಗಟ್ಟಿಯಾಗ್ತದೆ. ನಂಗೆ ಇಲ್ಲಿ ಕೂತಷ್ಟೂ ಮೈ ಮೆತ್ತಗಾಗ್ತಾ ಇದೆ."

ಅಜ್ಜನ ಕೈ ಅನ್ನದಲ್ಲೇ ನಿಂತಿತು. ಬೈಯುತ್ತಾನೆಂದು ನಾವೆಲ್ಲ ತಲೆ ತಗ್ಗಿಸಿದೆವು. ಅವನು ಬೈಯಲಿಲ್ಲ, ಎದ್ದು ಕೈ ತೊಳೆದು ಗದ್ದೆಯ ಕಡೆ ಹೋದ.

ಮರುದಿನ ಬೆಳಿಗ್ಗೆ ಅತ್ತೆಯ ಚೀಲ ಹೆಗಲಿಗೇರಿಸಿಕೊಂಡು ಅವನೇ ಮುಂದೆ ನಡೆದ. ನಾನೂ ಹಿಂದೆ ಓಡಿದೆ. ಯಾರ ಕಣ್ಣಿಗೆ ಬೀಳದಂತೆ ಮಗಳನ್ನು ಮುಚ್ಚಿಟ್ಟಿದ್ದನೋ ಅವರೆಲ್ಲರ ಅಂಗಳದ ಮುಂದೆಯೇ ಹಾದುಹೋದ. "ಎಲ್ಲಿಗ್ರೋ?" ಅಂದವರಿಗೆ, "ಮಗಳು ಸಾಗರಕ್ಕೆ ಕೆಲ್ಸಕ್ಕೆ ಹೋಗ್ತಾಳೆ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಬಸ್ಸು ಬಂತು, ಅತ್ತೆಯನ್ನು ಹತ್ತಿಸಿಕೊಂಡು ತಿರುವಿನಲ್ಲಿ ಮರೆಯಾಯಿತು. ಅಷ್ಟು ಹೊತ್ತೂ ಅಜ್ಜ ನೆಲ ನೋಡುತ್ತಲೇ ನಿಂತಿದ್ದ.

"ಅವಳ ಮುಖ ಹ್ಯಾಂಗಿತ್ತೇ? ನಂಗೆ ನೋಡಕ್ಕಾಗ್ಲಿಲ್ಲ" ಎಂದ.

"ನಗ್ತಾ ಇದ್ಲು ಅಜ್ಜ" ಎಂದೆ. ಅತ್ತೆ ನಿಜವಾಗಿಯೂ ನಗುತ್ತಿದ್ದಳು. ಅಜ್ಜ ರಸ್ತೆ ಬದಿಯಲ್ಲೇ ಕೂತು, ಟವಲಿನಿಂದ ಮುಖ ಮುಚ್ಚಿಕೊಂಡು ಅತ್ತ.

ಅಜ್ಜ ಹೋಗಿ ಬಹಳ ಕಾಲವಾಯಿತು. ಅತ್ತೆ ಸಾಗರದಲ್ಲೇ ಬಾಳಿ, ಸ್ವಂತ ಅಂಗಡಿ ಇಟ್ಟು, ಕಳೆದ ಚಳಿಗಾಲದಲ್ಲಿ ತೀರಿಕೊಂಡಳು. ಆ ಬೆಳಗಿನ ಅವಳ ನಗುವನ್ನು ಕಂಡವಳು ನಾನೊಬ್ಬಳೇ ಉಳಿದಿದ್ದೇನೆ.