ಎರಡನೇ ಸಲ ಕೇಳಿದ ಪ್ರಶ್ನೆ

ಎಪ್ಪತ್ತರ ದಶಕದ ಆರಂಭದಲ್ಲಿ ಎಚ್.ಡಿ. ಕೋಟೆಯ ಕಾಡಂಚಿನ ಆದಿವಾಸಿ ಹಾಡಿಯೊಂದರ ಶಾಲೆಯಲ್ಲಿ ನಾನು ಹೊಸ ಟೀಚರು. ಹಂಪಾಪುರದ ಮನೆಯಿಂದ ಕೋಟೆಗೆ ಬಸ್ಸು, ಆಮೇಲೆ ನಡಿಗೆ.

ಪಾತ್ರೆಯ ಆಕಾರ ಬದಲಾದರೂ ನೀರು ಅಷ್ಟೇ ಇರುತ್ತದೆ ಎಂಬುದು ಏಳು ವರ್ಷದ ನಂತರವೇ ಮಕ್ಕಳಿಗೆ ಹೊಳೆಯುತ್ತದೆ ಎಂದು ಟ್ರೈನಿಂಗಿನಲ್ಲಿ ಕಲಿಸಿದ್ದರು. ನಿಮ್ಮ ಮಕ್ಕಳನ್ನು ಪರೀಕ್ಷಿಸಿ ಬರೆದು ಕಳಿಸಿ ಎಂದು ಅಲ್ಲಿನ ಉಪನ್ಯಾಸಕರು ಕಾಗದ ಹಾಕಿದರು.

ಎಂಟು ವರ್ಷದ ಹುಡುಗಿಯೊಬ್ಬಳನ್ನು ಕರೆದೆ. ಎರಡು ಲೋಟಗಳಲ್ಲಿ ಸಮನಾಗಿ ನೀರು ಹಾಕಿ, "ಯಾವುದರಲ್ಲಿ ಜಾಸ್ತಿ?" ಎಂದೆ.

"ಎರಡೂ ಒಂದೇಯ."

ಒಂದು ಲೋಟದ ನೀರನ್ನು ಉದ್ದನೆಯ ಸೀಸೆಗೆ ಸುರಿದು ಮತ್ತೆ ಅದನ್ನೇ ಕೇಳಿದೆ. ಅವಳು ಸೀಸೆ ನೋಡಲಿಲ್ಲ, ನನ್ನ ಮುಖ ನೋಡಿದಳು. "ಸೀಸೇಲಿ ಜಾಸ್ತಿ" ಎಂದಳು. 'ವಯಸ್ಸಿಗೆ ತಕ್ಕಷ್ಟು ಬುದ್ಧಿ ಬೆಳೆದಿಲ್ಲ' ಎಂದು ನಾನು ಬರೆದುಕೊಂಡೆ.

ಮರುದಿನ ಶಾಲೆಗೆ ಒಂದು ಮಗುವೂ ಬರಲಿಲ್ಲ. ಹುಡುಗಿಯ ಗುಡಿಸಲಿಗೆ ಹೋದೆ. ಅವಳ ತಾಯಿ ಬಾಗಿಲಿಗೆ ಅಡ್ಡ ನಿಂತರು.

"ನಮ್ ಮಗಿನ್ ಮ್ಯಾಲೆ ಏನ್ ಬರ್ಕಂಡ್ರಿ ಟೀಚರಮ್ಮ?"

"ಏನಿಲ್ಲ ಅಕ್ಕ, ಪಾಠದ್ದು."

"ಇಂಗೇ ಕಾಗ್ದ ಇಡ್ಕಂಡ್ ಬಂದು ಬರ್ಕಂಡೋದ್ ಮ್ಯಾಲೇ ನಮ್ಮುನ್ನ ಕಾಡಿಂದ ಆಚಿಗೆ ಆಕಿದ್ದು ಕಣವ್ವ. ಈಗ ಮಕ್ಳುನ್ನ ಎಲ್ಲಿಗ್ ಕಳಿಸ್ತೀರಿ?"

ಚೀಲದಿಂದ ಹಾಳೆ ತೆಗೆದು ಓದಿ ಹೇಳಿದೆ. ಬರೆದದ್ದನ್ನು ಬಾಯಿಬಿಟ್ಟು ಓದುವಾಗ ನಾಚಿಕೆಯಾಯಿತು. ತಾಯಿಯ ಹಿಂದಿನಿಂದ ಹುಡುಗಿ ಅಂದಳು: "ನೀರು ಅಷ್ಟೇ ಅಲ್ವಾ ಇದ್ದುದ್ದು!"

"ಮತ್ತೆ ಜಾಸ್ತಿ ಅಂದೆಯಲ್ಲೇ?"

"ನೀವು ಎಲ್ಡ್ ಸಲ ಕೇಳುದ್ರಿ. ಮೊದ್ಲು ಯೋಳಿದ್ದು ತಪ್ಪು ಅಂದ್ಕಂಡೆ."

ಉತ್ತರ ತಪ್ಪಿದ್ದರೆ ನಾನು ದಿನವೂ ಹಾಗೆಯೇ ಪ್ರಶ್ನೆಯನ್ನು ಮತ್ತೊಮ್ಮೆ ಕೇಳುತ್ತಿದ್ದೆ. ಅವಳು ಕಲಿತದ್ದು ಅದನ್ನು. ತಾಯಿ ಕೈ ಚಾಚಿದರು, ಹಾಳೆ ಕೊಟ್ಟೆ. ಅದನ್ನು ಅವರು ಒಲೆಗೆ ಹಾಕಿ, ಪೂರ್ತಿ ಉರಿಯುವ ತನಕ ನೋಡುತ್ತಾ ಕೂತರು.

ನಡೆದದ್ದನ್ನೆಲ್ಲ ಉಪನ್ಯಾಸಕರಿಗೆ ಬರೆದೆ. ಮಗುವಿಗೆ ಮನೆಯಲ್ಲಿ ಯಾರೋ ಹೇಳಿಕೊಟ್ಟಿರಬೇಕು, ಬೇರೆ ಮಗುವನ್ನು ಪರೀಕ್ಷಿಸಿ ಎಂದು ಉತ್ತರ ಬಂತು. ನಾನು ಪರೀಕ್ಷಿಸಲಿಲ್ಲ. ಟ್ರೈನಿಂಗಿನ ನೋಟ್ಸ್ ತೆಗೆದು, ಬೇರೆ ಯಾವ ಮಕ್ಕಳನ್ನು ಎಷ್ಟು ಸಲ ಕೇಳಿ ಇದನ್ನೆಲ್ಲ ಬರೆದಿದ್ದಾರೋ ಎಂದು ಅನುಮಾನದಿಂದಲೇ ಓದತೊಡಗಿದೆ.

ವಾರದ ಮೇಲೆ ಮಕ್ಕಳು ಒಬ್ಬೊಬ್ಬರಾಗಿ ಬಂದರು. ಆ ಹುಡುಗಿ ಬಂದವಳೇ ಮೇಜಿನ ಪಕ್ಕ ನಿಂತು, ನಾನು ತುಂಬುತ್ತಿದ್ದ ಹಾಜರಿ ಪುಸ್ತಕ ನೋಡಿ, "ಏನ್ ಬರ್ದ್ರಿ?" ಎಂದಳು. "ನೀನು ಬಂದಿದ್ದೀಯ ಅಂತ" ಎಂದೆ. ಅವಳು ನಂಬಲಿಲ್ಲ. ಅಕ್ಷರ ಕೂಡಿಸಿ ಓದುವುದನ್ನು ಎಲ್ಲರಿಗಿಂತ ಮೊದಲು ಕಲಿತದ್ದು ಅವಳೇ.