ಇಪ್ಪತ್ತು ವರ್ಷ ಮುಂದಿನ ಸಾಹೇಬರು

ಕೊಪ್ಪಳದ ಯೋಜನಾ ಕಚೇರಿಯಿಂದ ನಿವೃತ್ತರಾದ ಇಬ್ರಾಹಿಂಸಾಬರು ಬದುಕುವುದೇ ಇಪ್ಪತ್ತು ವರ್ಷ ಮುಂದೆ. ಬೆಳಿಗ್ಗೆ ಚಹಾದಂಗಡಿಯಲ್ಲಿ ಪೇಪರು ಬಿಡಿಸಿ, ದೇಶದ ಬೆಳವಣಿಗೆ ದರ ಮತ್ತೆ ಇಳಿದದ್ದನ್ನು ಮನೆಯವರ ಜ್ವರದ ಸುದ್ದಿಯಂತೆ ಮೆಲ್ಲಗೆ ತಿಳಿಸುತ್ತಾರೆ. "ಗಾಬರಿ ಆಗಬ್ಯಾಡ್ರಿ, ದೇಶ ನಿಂತಿಲ್ಲ, ದಮ್ಮು ತಗೊಳ್ಳಾಕತ್ತೈತಿ" ಎಂದು ಧೈರ್ಯವನ್ನೂ ಹೇಳುತ್ತಾರೆ. ಮಿರ್ಚಿ ಕರಿಯುವವನನ್ನೂ ಬಿಡುವುದಿಲ್ಲ: "ಮುಂದಿನ ಇಪ್ಪತ್ತು ವರ್ಷದ್ದು ಏನ್ ವಿಚಾರ ಮಾಡೀಯಪ್ಪ?" ಅವನು, "ಮೊದಲು ಈ ಮಿರ್ಚಿ ತೆಗೀತೀನಿ ತಡೀರಿ ಸಾಹೇಬ್ರ" ಎನ್ನುತ್ತಾನೆ. ಯೋಜನೆ ಸರಿಯಿದ್ದರೆ ಕೆಲಸ ತಾನಾಗಿ ಬರುತ್ತದೆಂದು ನಂಬಿದ ಸಾಹೇಬರು ಸ್ವಂತ ಮಗನ ನೌಕರಿಗೂ ಯಾರ ಬಾಗಿಲಿಗೂ ಹೋದವರಲ್ಲ. ಹೋದ ತಿಂಗಳು, ಪಕ್ಕದ ಮನೆಯ ಹನುಮೇಶ ದುಡಿಯುತ್ತಿದ್ದ ಕಬ್ಬಿಣದ ಕಾರ್ಖಾನೆ ಬೇಡಿಕೆಯಿಲ್ಲದೆ ಮುಚ್ಚಿತು. ಅವನು ಬಂದು, "ಸಾಹೇಬ್ರ, ಮುಂದ ಎಲ್ಲಾ ಛಲೋ ಆಗ್ತೈತಿ ಅಂತೀರಿ. ಅಲ್ಲೀತನಕ ನಾ ಏನ್ ಮಾಡ್ಲಿರಿ?" ಎಂದ. ಸಾಹೇಬರು ಪೇಪರು ಮಡಚಿಟ್ಟು, ಅವನನ್ನು ಕರೆದುಕೊಂಡು ಗಂಗಾವತಿಯ ಬಸ್ಸು ಹತ್ತಿದರು. ಬಿಸಿಲಲ್ಲಿ ಒಂದೊಂದೇ ಅಕ್ಕಿ ಗಿರಣಿಯ ಬಾಗಿಲಲ್ಲಿ ನಿಂತು ಅವನಿಗಾಗಿ ಕೆಲಸ ಕೇಳಿದರು. ಸಂಜೆ ಹೊತ್ತಿಗೆ ಒಬ್ಬ ಮಾಲೀಕ, "ಖಾಯಂ ಕೆಲಸ ಇಲ್ರಿ" ಎಂದಾಗ ಸಾಹೇಬರು ಕೈಮುಗಿದು, "ಖಾಯಂ ಬ್ಯಾಡ್ರಿ. ನಾಳಿ ಒಂದ್ ದಿನ ಇಟ್ಕೊಂಡ್ ನೋಡ್ರಿ" ಎಂದರು. ಮಾಲೀಕ ಒಪ್ಪಿದ. ತಿರುಗಿ ಬರುವಾಗ ಹನುಮೇಶ ಬಸ್ಸಿನಲ್ಲಿ ನಿದ್ದೆಹೋದ. ಅವನ ತಲೆ ಕಿಟಕಿಯ ಸರಳಿಗೆ ಬಡಿಯದಂತೆ ಸಾಹೇಬರು ದಾರಿಯುದ್ದಕ್ಕೂ ಅಂಗೈ ಒಡ್ಡಿಕೊಂಡು ಕೂತಿದ್ದರು.