ಚಾವಡಿಯ ಮುಂದೆ ಎತ್ತರ ಹಿಮ್ಮಡಿಯ ಬೂಟು

ನಮ್ಮೂರು ಹಂಗಳದಲ್ಲಿ ಹೆಂಗಸರು ಚಾವಡಿಯ ಮುಂದೆ ಹಾದುಹೋಗುವಾಗ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಳ್ಳಬೇಕಿತ್ತು. ಜಗಲಿಯ ಮೇಲೆ ಊರಿನ ಹಿರಿಯರು ಕೂತಿರುತ್ತಿದ್ದರು. ಚಿಕ್ಕಂದಿನಿಂದ ನಾನೂ ಹಾಗೆಯೇ ನಡೆದಿದ್ದೆ. ಮೈಸೂರಿನಲ್ಲಿ ಬಿ.ಎ. ಮುಗಿಸಿ, ಗುಂಡ್ಲುಪೇಟೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ ಸಿಕ್ಕಿದಾಗ ಮೊದಲು ನೆನಪಾದದ್ದು ಆ ಚಾವಡಿ. ಬಸ್ಸು ಹಿಡಿಯಲು ಬೇರೆ ದಾರಿಯಿರಲಿಲ್ಲ.

ಊರಿಗೆ ಹೊರಡುವ ಮುನ್ನ ಮೈಸೂರಿನ ಅಂಗಡಿಯೊಂದರಲ್ಲಿ ಒಂದು ಜೊತೆ ಬೂಟು ಕೊಂಡೆ. ಕಣಕಾಲಿನವರೆಗೆ ದಾರ ಬಿಗಿಯುವಂಥವು. ಅಂದಕ್ಕೆಂದು ಕೊಂಡದ್ದಲ್ಲ, ನಿಂತ ನಿಲುವಿನಲ್ಲಿ ಅವನ್ನು ಕಳಚಲಾಗುವುದಿಲ್ಲ ಎಂಬುದೇ ನನಗೆ ಬೇಕಿತ್ತು. ಹಿಮ್ಮಡಿ ಅಷ್ಟು ಎತ್ತರವಿದ್ದದ್ದು ಮಾತ್ರ ನಾನು ಬಯಸಿದ್ದಲ್ಲ. ನನ್ನ ಅಳತೆಗೆ ಅಂಗಡಿಯಲ್ಲಿದ್ದದ್ದು ಅದೊಂದೇ ಜೊತೆ.

ನಡೆಯಲು ಬರಲಿಲ್ಲ. ಆ ಚಾವಡಿಯ ಮುಂದೆ ಎಡವಿ ಬಿದ್ದರೆ ಆಮೇಲೆ ಆಯುಸ್ಸೆಲ್ಲ ಚಪ್ಪಲಿ ಕೈಯಲ್ಲಿ ಹಿಡಿದೇ ಓಡಾಡಬೇಕಾಗುತ್ತಿತ್ತು. ಯಾರೂ ಕಾಣದ ಸಮನೆಲವೆಂದರೆ ಮನೆಯ ಹಿಂದಿನ ಕಣ. ಅಜ್ಜಿ ಒಕ್ಕಣೆಗೆಂದು ಹಿಂದಿನ ದಿನವಷ್ಟೇ ಅದನ್ನು ಸಗಣಿಯಿಂದ ಸಾರಿಸಿದ್ದಳು. ನೆಲ ಇನ್ನೂ ಆರಿರಲಿಲ್ಲ. ಬೆಳಗಿನ ಜಾವ ಬೂಟು ಮೆಟ್ಟಿಕೊಂಡು ಅದರ ಮೇಲೆ ನಾನು ಸುತ್ತಿದ್ದೇ ಸುತ್ತಿದ್ದು.

ಬಿಸಿಲೇರಿದ ಮೇಲೆ ಅಜ್ಜಿಯ ಕೂಗು ಕೇಳಿಸಿತು. "ಅಯ್ಯೋ, ಜಿಂಕೆ ನುಗ್ಬುಟ್ಟವೆ ಕಣಮ್ಮಿ! ನೋಡ್ಬಾ, ಕಣವೆಲ್ಲ ಗೊರಸು!"

ನೋಡಿದೆ. ಹೌದು, ಗೊರಸಿನಂತೆಯೇ ಇತ್ತು. ನಾನು ಬಾಯಿ ಬಿಡಲಿಲ್ಲ. ಅಜ್ಜಿ ಕಣವನ್ನು ಮತ್ತೆ ಸಾರಿಸಿ, ಸುತ್ತ ಮುಳ್ಳು ಹಾಕಿಸಿದಳು. ಆಮೇಲೆ ಹಿತ್ತಿಲಿನ ಕಲ್ಲುಚಪ್ಪಡಿಯೇ ಗತಿಯಾಯಿತು. ಅಲ್ಲಿ ಜಾರಿ ಬಿದ್ದು ಮಂಡಿ ತರಚಿಕೊಂಡೆ. ಹೆಜ್ಜೆ ಚಿಕ್ಕದಾಗಿ ಇಡಬೇಕು, ಮೊಣಕಾಲು ಬಿಗಿಯಬಾರದು, ಕಣ್ಣು ನೆಲದ ಮೇಲಿರಬಾರದು ಎಂಬುದು ಬಿದ್ದು ಬಿದ್ದೇ ತಿಳಿಯಿತು.

ಕೆಲಸಕ್ಕೆ ಸೇರುವ ದಿನ ಸೀರೆಯನ್ನು ಬೇಕೆಂದೇ ತುಸು ಮೇಲಕ್ಕೆ ಉಟ್ಟೆ. ಚಾವಡಿಯ ಜಗಲಿಯ ಮೇಲೆ ದೊಡ್ಡಪ್ಪ ಇನ್ನಿಬ್ಬರು ಮುದುಕರ ಜೊತೆ ಕೂತಿದ್ದರು. ಬೂಟಿನ ಸದ್ದಿಗೆ ಮಾತು ನಿಂತಿತು.

"ಏನಮ್ಮಿ ಅದು ಕಾಲ್ಗೆ? ಬಿಚ್ಚು" ಎಂದರು ದೊಡ್ಡಪ್ಪ.

"ದಾರ ಕಟ್ಟಿದೀನಿ ದೊಡ್ಡಪ್ಪ. ಬಿಚ್ಚೋ ಹೊತ್ಗೆ ಬಸ್ಸು ಹೊಂಟೋಯ್ತದೆ."

"ನಾಳೆಯಿಂದ ಬ್ಯಾರೇದ್ ಮೆಟ್ಕೊಂಡ್ ಬಾ."

"ನಾಳೆನೂ ಇವೇ."

ಮುದುಕರಲ್ಲೊಬ್ಬರು ನಕ್ಕರು. "ಬುಡ್ಲಾ, ಓಗ್ಲಿ. ಆ ಮೋರಿ ತಾವ ಬೀಳ್ತಾಳೆ, ನೋಡ್ತಿರು."

ಮೋರಿಯವರೆಗೂ ಮೂವರ ಕಣ್ಣು ಬೆನ್ನಿಗೆ ನೆಟ್ಟಿದ್ದುದು ನನಗೆ ಗೊತ್ತಿತ್ತು. ಕಾಲು ಸ್ವಲ್ಪ ವಾಲಿತು. ಬೀಳಲಿಲ್ಲ. ಮೋರಿ ದಾಟಿದೆ, ತಿರುಗಿ ನೋಡಲಿಲ್ಲ.

ಸಂಜೆ ಹೊತ್ತಿಗೆ ಹಿಮ್ಮಡಿ ಬೊಬ್ಬೆಯೆದ್ದು ಒಡೆದಿತ್ತು. ಬಸ್ಸಿನಲ್ಲಿ ಬೂಟು ಸಡಿಲಿಸಿ ಕೂತಿದ್ದೆ. ಬರಿಗಾಲಲ್ಲಿ ಮನೆಗೆ ಹೋಗಿಬಿಡಬಹುದಿತ್ತು, ಹಾಗೆ ಅನಿಸಿಯೂ ಇತ್ತು. ಆದರೆ ಬೂಟು ಕೈಯಲ್ಲಿ ಹಿಡಿದು ಬರುವ ನನ್ನನ್ನು ಜಗಲಿಯ ಮೇಲಿದ್ದವರು ಹೇಗೆ ನೋಡುತ್ತಾರೆ ಎಂಬುದೂ ಗೊತ್ತಿತ್ತು. ಇಳಿಯುವ ಮೊದಲು ದಾರವನ್ನು ಬಿಗಿಯಾಗಿ ಕಟ್ಟಿ, ಬೆಳಿಗ್ಗೆ ಹೋದಂತೆಯೇ ಅವರ ಮುಂದೆ ನಡೆದು ಬಂದೆ. ದೊಡ್ಡಪ್ಪ ಮುಖ ತಿರುಗಿಸಿಕೊಂಡರು. ಬಿಚ್ಚು ಎನ್ನಲಿಲ್ಲ.

ಮನೆಯಲ್ಲಿ ಅಜ್ಜಿ ನನ್ನ ಕಾಲಿಗೆ ಹರಳೆಣ್ಣೆ ಸವರುತ್ತ, ಪಕ್ಕದಲ್ಲಿದ್ದ ಬೂಟನ್ನು ತಿರುಗಿಸಿ ಅದರ ಹಿಮ್ಮಡಿಯನ್ನು ಬಹಳ ಹೊತ್ತು ನೋಡಿದಳು.

"ನಾಳೆನೂ ಇದ್ನೇ ಮೆಟ್ಕೊಂಡ್ ಓಯ್ತೀಯಾ?"

"ಹೂಂ."

"ಓಗು. ಕಣಕ್ ಮಾತ್ರ ಕಾಲಿಕ್ಬೇಡ ಕಣಮ್ಮಿ."